ಸೂಜಿ ಮತ್ತು ಕಡಿತ: ಲಾಲಾರಸದ ಪ್ರತಿರಕ್ಷೆಯನ್ನು ಕುರಿತ ವಾದಗಳ ವಿಮರ್ಶೆ

೧

ಸೊಳ್ಳೆ, ಮರಳುನೊಣ, ಉಣ್ಣೆ ಮೊದಲಾದ ರಕ್ತ ಹೀರುವ ಜೀವಿಗಳು ಕಡಿದಾಗ ಅವುಗಳ ಲಾಲಾರಸವು ನಮ್ಮ ಚರ್ಮದೊಳಕ್ಕೆ ಇಳಿಯುತ್ತದೆ. ಆ ರಸದ ವಿರುದ್ಧ ನಮ್ಮ ದೇಹವು ಪ್ರತಿಕಾಯಗಳನ್ನು ನಿರ್ಮಿಸಿಕೊಳ್ಳುತ್ತದೆ. ಈ ಪ್ರತಿಕ್ರಿಯೆಯನ್ನೇ ರೋಗನಿವಾರಣೆಯ ಸಾಧನವಾಗಿ ಮಾಡಿಕೊಳ್ಳಬಹುದು, ರೋಗಾಣುವಿನ ವಿರುದ್ಧ ಲಸಿಕೆ ಹಾಕುವುದರ ಬದಲಿಗೆ ಅದನ್ನು ತರುವ ಜೀವಿಯ ಜೊಲ್ಲಿನ ವಿರುದ್ಧವೇ ಲಸಿಕೆ ಹಾಕಬಹುದು ಎಂಬ ವಿಚಾರವು ಕಳೆದ ಮೂರು ನಾಲ್ಕು ದಶಕಗಳಲ್ಲಿ ಪ್ರಾಣಿಶಾಸ್ತ್ರ ಮತ್ತು ವೈದ್ಯಶಾಸ್ತ್ರಗಳ ಪತ್ರಿಕೆಗಳಲ್ಲಿ ಬೇರೂರಿದೆ. ವಿಚಾರವು ಆಕರ್ಷಕವಾದುದು, ಆದುದರಿಂದಲೇ ಅದನ್ನು ತೂಗಿ ನೋಡುವುದು ಅವಶ್ಯಕವಾಗಿದೆ.

ಈ ವಿಚಾರದಲ್ಲಿ ಎರಡು ಬೇರೆ ಬೇರೆ ಪ್ರತಿಪಾದನೆಗಳು ಕೂಡಿಕೊಂಡಿವೆ. ಲಾಲಾರಸವು ಸೋಂಕಿನ ಗತಿಯನ್ನೇ ಬದಲಿಸುವುದರಿಂದ ಯಾವ ಲಸಿಕೆಯನ್ನಾದರೂ ಸೂಜಿಯಿಂದಲ್ಲ, ಕಡಿತದಿಂದ ಪರೀಕ್ಷಿಸಬೇಕು ಎಂಬುದು ಮೊದಲನೆಯದು. ಲಾಲಾರಸದ ಪ್ರೋಟೀನುಗಳೇ ಲಸಿಕೆಯಾಗಬಲ್ಲವು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಾಕಷ್ಟು ಆಧಾರವಿದೆಯೆಂದೂ ಎರಡನೆಯದಕ್ಕೆ ಇನ್ನೂ ಅಷ್ಟು ಆಧಾರ ದೊರೆತಿಲ್ಲವೆಂದೂ ನಾವು ತಿಳಿಯುತ್ತೇವೆ. ಇವೆರಡನ್ನೂ ಒಂದೇ ಎಂದು ಎಣಿಸಿದರೆ, ಎರಡನೆಯದರ ಬಗ್ಗೆ ಸಂಶಯ ತಾಳಿದವರು ಮೊದಲನೆಯದನ್ನೂ ಕೈಬಿಡುವ ಅಪಾಯವುಂಟು. ಕರ್ನಾಟಕದ ಮಟ್ಟಿಗೆ ಈ ಭೇದವು ಕೇವಲ ಶಾಸ್ತ್ರಚರ್ಚೆಯಲ್ಲ. ಮಲೆನಾಡಿನ ಮಂಗನ ಕಾಯಿಲೆಗೆ ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯ ಬಳಕೆಯು ೨೦೨೨ರಲ್ಲಿ ನಿಂತಿತು. ಹೊಸ ಲಸಿಕೆಯನ್ನು ಸಿದ್ಧಗೊಳಿಸುವ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಕೈಗೊಂಡಿದೆ. ಆ ಲಸಿಕೆಯ ಗುಣವನ್ನು ಯಾವ ಅಳತೆಗೋಲಿನಿಂದ ನಿರ್ಣಯಿಸಬೇಕೆಂಬ ಪ್ರಶ್ನೆಗೂ ನಮ್ಮ ವಿಷಯಕ್ಕೂ ನೇರವಾದ ಸಂಬಂಧವಿದೆ.

ಪರಿಭಾಷೆಯ ಬಗ್ಗೆ ಒಂದು ಮಾತು. ಮಲೆನಾಡಿಗರು ಉಣುಗು ಎನ್ನುವ, ಧಾರವಾಡದ ಕಡೆ ಉಣ್ಣಿ ಎನ್ನುವ ಉಣ್ಣೆಯು ಕೀಟವಲ್ಲ. ಎಂಟು ಕಾಲುಗಳ ಜೇಡದ ಬಳಗಕ್ಕೆ ಸೇರಿದ್ದು. ಮಂಗನ ಕಾಯಿಲೆಯ ಕಾರಣವೂ ಮಲೇರಿಯದ ಕಾರಣದಂತೆ ಏಕಕೋಶದ ಪರೋಪಜೀವಿಯಲ್ಲ, ವೈರಸ್. ಆದರೂ ಕಡಿತದ ಮೂಲಕ ಹರಡುವ ರೋಗಗಳಲ್ಲಿ ಲಾಲಾರಸದ ಪಾತ್ರವು ಈ ವರ್ಗಭೇದಗಳನ್ನು ಮೀರಿ ಒಂದೇ ಬಗೆಯ ಪ್ರಶ್ನೆಗಳನ್ನೆಬ್ಬಿಸುತ್ತದೆ. ಆದುದರಿಂದ ಪರೋಪಜೀವಿಗಳ ಮೇಲಣ ಸಂಶೋಧನೆಯಿಂದ ದೊರೆತ ತತ್ತ್ವಗಳನ್ನು ಮೊದಲು ಪರಿಶೀಲಿಸಿ, ಅನಂತರ ನಮ್ಮ ನಾಡಿನ ಕಾಯಿಲೆಗೆ ಬರುತ್ತೇವೆ.

೨

ನಮ್ಮ ಕಾಲೇಜುಗಳ ತರಗತಿಗಳಲ್ಲಿ ಸೊಳ್ಳೆಯನ್ನು ರೋಗದ 'ವಾಹಕ'ವೆಂದು ಕರೆಯುವುದು ರೂಢಿ. ಪದವು ಚಿಕ್ಕದು, ಅನುಕೂಲವಾದುದು. ಆದರೆ ಅದು ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡಿಸುವ ಚಿತ್ರ ಅಪೂರ್ಣವಾದುದು. ವಾಹಕವೆಂದರೆ ಹೊರೆ ಹೊರುವ ಬಂಡಿ. ಹೊರೆಗೂ ಬಂಡಿಗೂ ಬೇರೆ ಸಂಬಂಧವಿಲ್ಲ. ಈ ಚಿತ್ರಕ್ಕೆ ಐತಿಹಾಸಿಕ ಕಾರಣವೂ ಇದೆ. ೧೮೯೫ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸದಲ್ಲಿದ್ದ ರೊನಾಲ್ಡ್ ರಾಸ್ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯದ ಜೀವಿಯನ್ನು ಕಂಡನು. ೧೮೯೮ರಲ್ಲಿ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯವನ್ನು ಅಭ್ಯಸಿಸಿ, ಆ ಜೀವಿಯು ಲಾಲಾಗ್ರಂಥಿಯನ್ನು ಸೇರುವುದನ್ನು ತೋರಿಸಿದನು. ಅಂದಿನಿಂದ ಲಾಲಾಗ್ರಂಥಿಯೆಂದರೆ ಪರೋಪಜೀವಿಯು ಹೊರಬರುವ ಕಡೆಯ ನಿಲ್ದಾಣವೆಂಬ ಭಾವನೆ ನೆಲೆಗೊಂಡಿತು. ಗ್ರಂಥಿಯಲ್ಲಿರುವ ರಸದ ಕಡೆಗೆ ಗಮನ ಹರಿದುದು ಬಹಳ ತಡವಾಗಿ.

ಆ ರಸವು ಬರಿಯ ನೀರಲ್ಲ. ಗಾಯವಾದೊಡನೆ ರಕ್ತನಾಳ ಸಂಕುಚಿಸುವುದು, ರಕ್ತ ಹೆಪ್ಪುಗಟ್ಟುವುದು, ನೋವಾಗುವುದು, ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುವುದು ಪ್ರಾಣಿದೇಹದ ಸಹಜ ರಕ್ಷಣೆ. ರಕ್ತವನ್ನೇ ಆಹಾರವಾಗಿ ನೆಚ್ಚಿದ ಜೀವಿಗೆ ಇವೆಲ್ಲವೂ ಅಡ್ಡಿಗಳು. ಈ ಒಂದೊಂದು ಅಡ್ಡಿಗೂ ಅದರ ಲಾಲಾರಸದಲ್ಲಿ ಒಂದೊಂದು ಪ್ರತ್ಯೌಷಧವಿದೆ. ಕೆಲವು ನಿಮಿಷಗಳಲ್ಲಿ ಹೊಟ್ಟೆ ತುಂಬಿಸಿಕೊಂಡು ಹಾರಿಹೋಗುವ ಸೊಳ್ಳೆಗಿಂತ, ಚರ್ಮಕ್ಕೆ ಅಂಟಿಕೊಂಡು ದಿನಗಟ್ಟಲೆ ರಕ್ತ ಹೀರುವ ಉಣ್ಣೆಗೆ ಈ ಔಷಧಗಳ ಅವಶ್ಯಕತೆ ಹೆಚ್ಚು. ಅನೇಕ ಜಾತಿಯ ಉಣ್ಣೆಗಳು ಗಾರೆಯಂತೆ ಗಟ್ಟಿಯಾಗುವ ಅಂಟನ್ನೂ ಸ್ರವಿಸಿ ತಮ್ಮ ಬಾಯನ್ನು ಚರ್ಮದಲ್ಲಿ ಭದ್ರಪಡಿಸಿಕೊಳ್ಳುತ್ತವೆ. ಕಾಡಿನಿಂದ ಮನೆಗೆ ಬಂದವನಿಗೆ ಮೈಮೇಲೆ ಉಣ್ಣೆ ಇರುವುದೇ ಎಷ್ಟೋ ಹೊತ್ತು ತಿಳಿಯದಿರುವುದಕ್ಕೆ ಈ ರಸವೇ ಕಾರಣ.

ಈ ರಸಕ್ಕೆ ದೇಹವು ತೋರುವ ಪ್ರತಿಕ್ರಿಯೆಯೂ ಸ್ಥಿರವಾದುದಲ್ಲ. ಮನುಷ್ಯನು ಸೊಳ್ಳೆಯ ಕಡಿತಕ್ಕೆ ಹಂತಹಂತವಾಗಿ ಹೇಗೆ ಒಗ್ಗುತ್ತಾನೆಂಬುದನ್ನು ಕೆನೆತ್ ಮೆಲನ್‌ಬಿ ೧೯೪೬ರಲ್ಲಿ ವಿವರಿಸಿದನು. ಮೊದಲ ಕಡಿತಗಳಿಗೆ ಯಾವ ಗುರುತೂ ಏಳುವುದಿಲ್ಲ; ಅನಂತರ ಒಂದು ದಿನ ತಡವಾಗಿ ಗಂಧೆ ಏಳುತ್ತದೆ; ಆ ಮೇಲೆ ಕಡಿದೊಡನೆ ಏಳುವ ಗಂಧೆಯೂ ತಡವಾಗಿ ಏಳುವ ಗಂಧೆಯೂ ಎರಡೂ ಕಾಣಿಸುತ್ತವೆ; ಬರಬರುತ್ತ ತಡವಾದುದು ಮಾಯವಾಗಿ ಕೂಡಲೆ ಏಳುವುದು ಮಾತ್ರ ಉಳಿಯುತ್ತದೆ; ಕಡೆಗೆ ಅದೂ ಅಡಗುತ್ತದೆ. ಅಂದರೆ ಒಂದೇ ಸೊಳ್ಳೆಯ ಒಂದೇ ರಸಕ್ಕೆ ಊರಿಗೆ ಹೊಸಬನಾದವನ ದೇಹವೂ ಹಳಬನಾದವನ ದೇಹವೂ ಕೊಡುವ ಉತ್ತರಗಳು ಬೇರೆ ಬೇರೆ. ಮುಂದಿನ ಚರ್ಚೆಗೆ ಈ ಅಂಶವು ಮುಖ್ಯವಾದುದು.

೩

ಮೊದಲನೆಯ ಪ್ರತಿಪಾದನೆಗೆ ಅತ್ಯುತ್ತಮ ಆಧಾರಗಳು ಲೀಷ್ಮೇನಿಯ ಎಂಬ ಪರೋಪಜೀವಿಯ ಅಧ್ಯಯನದಿಂದ ದೊರೆತಿವೆ. ಬಿಹಾರದ ಕಾಲಾ ಅಜಾರ್ ರೋಗಕ್ಕೆ ಕಾರಣವಾದ ಕುಲ ಇದೇ. ಇದನ್ನು ಹರಡುವುದು ಮರಳುನೊಣ. ೧೯೮೮ರಲ್ಲಿ ಟೈಟಸ್ ಮತ್ತು ರಿಬೇರೊ ಎಂಬ ವಿಜ್ಞಾನಿಗಳು ಇಲಿಗಳಿಗೆ ಈ ಪರೋಪಜೀವಿಯನ್ನು ಚುಚ್ಚುವಾಗ ಮರಳುನೊಣದ ಲಾಲಾಗ್ರಂಥಿಯ ಸಾರವನ್ನು ಬೆರೆಸಿದರು. ಸಾರವಿಲ್ಲದೆ ಚುಚ್ಚಿದುದಕ್ಕಿಂತ ಸಾರದೊಡನೆ ಚುಚ್ಚಿದ ಕಡೆ ಹುಣ್ಣು ಬಹಳ ದೊಡ್ಡದಾಯಿತು. ಬಂಡಿಯು ಹೊರೆಯನ್ನು ಇಳಿಸುವುದಲ್ಲದೆ ಮನೆಯ ಬಾಗಿಲನ್ನೂ ತೆರೆದುಕೊಡುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. ವೈರಸ್ಸುಗಳ ವಿಷಯದಲ್ಲಿಯೂ ಇದೇ ಬಗೆಯ ಫಲ ದೊರೆಯಿತು. ಮಂಗನ ಕಾಯಿಲೆಯ ವೈರಸ್ಸಿನ ಸಮೀಪ ಬಂಧುವಾಗಿ ಯೂರೋಪಿನಲ್ಲಿ ಮಿದುಳಿನ ಉರಿಯೂತವನ್ನುಂಟುಮಾಡುವ ಉಣ್ಣೆ-ವೈರಸ್ಸನ್ನು ಲಬೂಡ ಮತ್ತು ಅವನ ಸಹೋದ್ಯೋಗಿಗಳು ಗಿನಿಹಂದಿಗಳಿಗೆ ಚುಚ್ಚಿದರು. ವೈರಸ್ಸಿನೊಡನೆ ಉಣ್ಣೆಯ ಲಾಲಾಗ್ರಂಥಿಯ ಸಾರವಿದ್ದಾಗ, ಆ ಪ್ರಾಣಿಗಳ ಮೇಲೆ ರಕ್ತ ಹೀರಿದ ಹೆಚ್ಚು ಉಣ್ಣೆಗಳಿಗೆ ಸೋಂಕು ತಗುಲಿತೆಂದು ೧೯೯೩ರಲ್ಲಿ ಅವರು ವರದಿ ಮಾಡಿದರು.

ಲಸಿಕೆಯ ಪರೀಕ್ಷೆಗೆ ಇದರಿಂದ ಬರುವ ಪರಿಣಾಮವನ್ನು ನೇರವಾಗಿ ತೋರಿಸಿದುದು ೨೦೦೯ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಕೊಂದ ಲೀಷ್ಮೇನಿಯದಿಂದ ಮಾಡಿದ ಲಸಿಕೆಯನ್ನು ಇಲಿಗಳಿಗೆ ಕೊಟ್ಟು, ಅನಂತರ ಕೆಲವಕ್ಕೆ ಸೂಜಿಯಿಂದ ಸೋಂಕು ತಗುಲಿಸಿದರು. ಕೆಲವಕ್ಕೆ ಸೋಂಕಿದ ಮರಳುನೊಣಗಳಿಂದ ಕಡಿಸಿದರು. ಸೂಜಿಯ ಎದುರು ಲಸಿಕೆ ಗೆದ್ದಿತು; ಕಡಿತದ ಎದುರು ಸೋತಿತು. ಒಮ್ಮೆ ರೋಗ ಬಂದು ಗುಣಹೊಂದಿದ ಇಲಿಗಳಾದರೋ ಕಡಿತವನ್ನೂ ತಡೆದುಕೊಂಡವು. ಕಡಿತದ ಜಾಗದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳು ದಟ್ಟವಾಗಿ ಕೂಡುವುದೂ ಪರೋಪಜೀವಿಯು ಅವುಗಳೊಳಗೇ ಸ್ವಲ್ಪ ಕಾಲ ಆಶ್ರಯ ಪಡೆಯುವುದೂ ಹಿಂದಿನ ವರ್ಷವೇ ಕಂಡುಬಂದಿದ್ದವು. ಸೂಜಿಯ ಗಾಯದಲ್ಲಿ ಈ ಸನ್ನಿವೇಶವು ಅದೇ ರೀತಿ ಏರ್ಪಡುವುದಿಲ್ಲ.

ಒಂದು ಲಸಿಕೆಯನ್ನು ಕುರಿತು ಇಲಿಗಳಲ್ಲಿ ನಡೆದ ಒಂದು ಪ್ರಯೋಗವು ಎಲ್ಲ ಲಸಿಕೆಗಳಿಗೂ ಸಿದ್ಧಾಂತವಾಗಲಾರದು ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಇಲ್ಲಿ ಸಿದ್ಧವಾಗಬೇಕಾದ ಮಾತು ಕಡಿತವು ಯಾವಾಗಲೂ ಲಸಿಕೆಯನ್ನು ಸೋಲಿಸುತ್ತದೆ ಎಂಬುದಲ್ಲ. ಸೂಜಿಯ ಪರೀಕ್ಷೆಯಲ್ಲಿ ಗೆದ್ದ ಲಸಿಕೆಯು ಕಡಿತದ ಎದುರು ಗೆಲ್ಲುತ್ತದೆಂಬ ಭರವಸೆಯಿಲ್ಲ ಎಂಬುದು. ಅದಕ್ಕೆ ಒಂದು ನಿದರ್ಶನವೇ ಸಾಕು.

ಮಲೇರಿಯದ ಲಸಿಕೆಯನ್ನು ರೂಪಿಸಿದವರು ಈ ವಿವೇಕವನ್ನು ಮೊದಲಿನಿಂದಲೂ ಪಾಲಿಸಿದರು. ೧೯೬೭ರಲ್ಲಿ ರೂತ್ ನುಸೆನ್‌ಜ್ವೈಗ್ ಮತ್ತು ಸಂಗಡಿಗರು ವಿಕಿರಣದಿಂದ ಶಕ್ತಿಗುಂದಿಸಿದ ಪರೋಪಜೀವಿಯಿಂದ ಇಲಿಗಳಿಗೆ ರಕ್ಷಣೆ ದೊರೆಯುವುದನ್ನು ತೋರಿಸಿದ ಮೇಲೆ, ಮನುಷ್ಯರಲ್ಲಿ ಅದೇ ಪ್ರಯೋಗವನ್ನು ಸೊಳ್ಳೆಗಳ ಕಡಿತದಿಂದಲೇ ನಡೆಸಿದರು. ಆರ್.ಟಿ.ಎಸ್., ಎಸ್. ಎಂಬ ಲಸಿಕೆಯನ್ನು ಪಡೆದ ೭ ಮಂದಿ ಸ್ವಯಂಸೇವಕರಲ್ಲಿ ೬ ಮಂದಿ ಸೋಂಕಿದ ಸೊಳ್ಳೆಗಳ ಕಡಿತವನ್ನು ತಡೆದುಕೊಂಡರೆಂದು ೧೯೯೭ರಲ್ಲಿ ವರದಿಯಾಯಿತು. ಆದರೆ ಆಫ್ರಿಕದ ಮಕ್ಕಳಲ್ಲಿ ನಾಲ್ಕು ವರ್ಷಗಳ ಅವಧಿಯ ಕ್ಷೇತ್ರಪರೀಕ್ಷೆ ಮುಗಿದು ೨೦೧೫ರಲ್ಲಿ ಫಲ ಪ್ರಕಟವಾದಾಗ, ೫ರಿಂದ ೧೭ ತಿಂಗಳ ವಯಸ್ಸಿನಲ್ಲಿ ಆರಂಭಿಸಿ ನಾಲ್ಕು ಸಲ ಲಸಿಕೆ ಪಡೆದವರಲ್ಲಿಯೂ ರಕ್ಷಣೆ ಶೇಕಡ ೩೬ರಷ್ಟು ಮಾತ್ರ. ವಯಸ್ಸು, ಕಾಲಾವಧಿ, ಪರೋಪಜೀವಿಯ ತಳಿ ಎಲ್ಲವೂ ಎರಡು ಪರೀಕ್ಷೆಗಳಲ್ಲಿ ಬೇರೆಯಾಗಿದ್ದುದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಇದನ್ನು ಶಿಫಾರಸು ಮಾಡಿದಾಗ ಅದರ ಮುಂದಿದ್ದುದು ಈ ಎರಡನೆಯ ಅಂಕಿ, ಮೊದಲನೆಯದಲ್ಲ. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಆರ್-೨೧ ಲಸಿಕೆಗೆ ೨೦೨೩ರಲ್ಲಿ ಶಿಫಾರಸು ದೊರೆತುದೂ ಕ್ಷೇತ್ರಪರೀಕ್ಷೆಯ ಆಧಾರದಿಂದಲೇ. ಅಲ್ಪವಾದರೂ ನಂಬತಕ್ಕ ಅಂಕಿಯು ಜನರಿಗೆ ಹೆಚ್ಚು ಉಪಕಾರಿ.

೪

ಇನ್ನು ಎರಡನೆಯ ಪ್ರತಿಪಾದನೆ. ಇದರ ಬೀಜವು ೧೯೩೯ರಲ್ಲಿ ವಿಲಿಯಂ ಟ್ರೇಗರ್ ಮಾಡಿದ ಪ್ರಯೋಗದಲ್ಲಿದೆ. ಉಣ್ಣೆಗಳು ಒಮ್ಮೆ ಕಡಿದ ಗಿನಿಹಂದಿಗಳ ಮೇಲೆ ಎರಡನೆಯ ಸಲ ಬಿಟ್ಟ ಉಣ್ಣೆಗಳು ಸರಿಯಾಗಿ ರಕ್ತ ಹೀರಲಾರದೆ ಹೋದವು. ೨೦೦೦ದಲ್ಲಿ ಕಮ್ಹಾವಿ ಮತ್ತು ಸಂಗಡಿಗರು ಸೋಂಕಿಲ್ಲದ ಮರಳುನೊಣಗಳಿಂದ ಇಲಿಗಳನ್ನು ಮೊದಲೇ ಕಡಿಸಿದರು. ಮುಂದೆ ಸೋಂಕಿದ ನೊಣಗಳು ಕಡಿದಾಗ ಅವುಗಳಿಗೆ ರೋಗದಿಂದ ರಕ್ಷಣೆ ದೊರೆತುದು ಕಂಡುಬಂದಿತು. ಲಾಲಾರಸದ ವಿರುದ್ಧ ಎಚ್ಚತ್ತ ಕಣಗಳು ಕಡಿತದ ಜಾಗಕ್ಕೆ ಬೇಗ ಬಂದು ಕೂಡುವುದರಿಂದ ಅಲ್ಲಿ ಇಳಿದ ಪರೋಪಜೀವಿಗೆ ನೆಲೆ ದೊರೆಯದೆಂಬುದು ಇದರ ವಿವರಣೆ. ೨೦೦೧ರಲ್ಲಿ ವಲೆನ್ಜುಯೆಲ ಮತ್ತು ಸಂಗಡಿಗರು ಆ ರಸದ ಒಂದೇ ಪ್ರೋಟೀನಿನಿಂದ ಇಂಥ ರಕ್ಷಣೆಯನ್ನು ಪಡೆದರು. ೨೦೦೬ರಲ್ಲಿ ಲಬೂಡ ಮತ್ತು ಸಂಗಡಿಗರು ಉಣ್ಣೆಯ ಅಂಟಿನ ಪ್ರೋಟೀನಿನಿಂದ ಮಾಡಿದ ಲಸಿಕೆಯು, ಮೇಲೆ ಹೇಳಿದ ಯೂರೋಪಿನ ವೈರಸ್ಸನ್ನು ಹೊತ್ತ ಉಣ್ಣೆಗಳ ಕಡಿತದಿಂದ ಇಲಿಗಳನ್ನು ಸಾವಿನಿಂದ ಉಳಿಸಿದುದನ್ನು ವರದಿ ಮಾಡಿದರು. ೨೦೨೦ರಲ್ಲಿ ಸೊಳ್ಳೆಯ ಲಾಲಾರಸದ ಅಂಶಗಳಿಂದ ಮಾಡಿದ ಲಸಿಕೆಯನ್ನು ಅಮೆರಿಕದಲ್ಲಿ ೪೯ ಮಂದಿ ಆರೋಗ್ಯವಂತರ ಮೇಲೆ ಪರೀಕ್ಷಿಸಿದ ವರದಿ ಬಂದಿತು. ಅದು ಸುರಕ್ಷಿತತೆಯನ್ನು ಅರಿಯುವ ಮೊದಲ ಹಂತ ಮಾತ್ರ. ೨೦೨೧ರಲ್ಲಿ ಉಣ್ಣೆಯ ೧೯ ಲಾಲಾಪ್ರೋಟೀನುಗಳ ಸಂಕೇತವುಳ್ಳ ಆರ್.ಎನ್.ಎ. ಲಸಿಕೆಯನ್ನು ಪಡೆದ ಗಿನಿಹಂದಿಗಳಲ್ಲಿ ಕಡಿತದ ಜಾಗ ಬೇಗ ಕೆಂಪಾಗಿ, ಉಣ್ಣೆಗಳು ಅಕಾಲದಲ್ಲಿ ಕಳಚಿಬಿದ್ದುದು ಕಂಡುಬಂದಿತು.

ಈ ಫಲಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇವುಗಳಿಂದ ಹೊರಡಿಸುವ ತೀರ್ಮಾನಕ್ಕೆ ನಾಲ್ಕು ಅಡ್ಡಿಗಳಿವೆ.

ಮೊದಲನೆಯದು, ಲಾಲಾರಸದ ಎಲ್ಲ ಪ್ರೋಟೀನುಗಳೂ ಮಿತ್ರರಲ್ಲ. ಒಂದೇ ಜಾತಿಯ ಮರಳುನೊಣದ ಎರಡು ಪ್ರೋಟೀನುಗಳಲ್ಲಿ ಒಂದರ ವಿರುದ್ಧ ಹುಟ್ಟಿದ ಪ್ರತಿರಕ್ಷೆಯು ರೋಗವನ್ನು ತಗ್ಗಿಸಿತೆಂದೂ ಇನ್ನೊಂದರ ವಿರುದ್ಧ ಹುಟ್ಟಿದುದು ರೋಗವನ್ನು ಹೆಚ್ಚಿಸಿತೆಂದೂ ೨೦೦೮ರಲ್ಲಿ ಒಲಿವೇರ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. ಎರಡನೆಯದು, ರಕ್ಷಣೆಯು ಅಲ್ಪಾಯುವಾಗಿರಬಹುದು. ಇಲಿಗಳನ್ನು ದೀರ್ಘಕಾಲ ಮರಳುನೊಣಗಳಿಂದ ಕಡಿಸುತ್ತ ಹೋದರೆ ಮೊದಲು ದೊರೆತ ರಕ್ಷಣೆ ಇಲ್ಲದಾಗುವುದನ್ನು ೨೦೧೧ರಲ್ಲಿ ರೊಹೌಸೋವ ಮತ್ತು ಸಂಗಡಿಗರು ಕಂಡರು. ಮೆಲನ್‌ಬಿ ಹೇಳಿದ ಕಡೆಯ ಹಂತವನ್ನು ಇಲ್ಲಿ ನೆನೆಯಬೇಕು. ರೋಗವಿರುವ ಊರಿನಲ್ಲಿ ಹುಟ್ಟಿ ಬೆಳೆದವರೆಲ್ಲರೂ ಕಡಿತಕ್ಕೆ ಹಳಬರು. ಪ್ರಯೋಗಶಾಲೆಯ ಇಲಿಯಾದರೋ ಹೊಸದು. ಮೂರನೆಯದು, ಉಣ್ಣೆಗಳ ವಿರುದ್ಧ ಗಿನಿಹಂದಿ ತೋರುವ ಪ್ರತಿಭಟನೆಯನ್ನು ಆ ಉಣ್ಣೆಗೆ ಕಾಡಿನಲ್ಲಿ ಸಹಜ ಆಶ್ರಯವಾದ ಸಣ್ಣ ಇಲಿಗಳು ಸಾಮಾನ್ಯವಾಗಿ ತೋರುವುದಿಲ್ಲ. ನಾಲ್ಕನೆಯದು, ಉಣ್ಣೆಯ ಲಾಲಾರಸಕ್ಕೆ ತೋರುವ ಪ್ರತಿಕ್ರಿಯೆಯೇ ಕೆಲವೊಮ್ಮೆ ರೋಗವಾಗುತ್ತದೆ. ಕೆಲವು ಜಾತಿಯ ಉಣ್ಣೆ ಕಡಿದ ಮೇಲೆ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ವಿರುದ್ಧ ಪ್ರತಿಕಾಯಗಳು ಬೆಳೆದು, ದನ ಕುರಿ ಮೊದಲಾದ ಪ್ರಾಣಿಗಳ ಮಾಂಸ ತಿಂದಾಗ ತೀವ್ರವಾದ ಒಗ್ಗದಿಕೆ ಉಂಟಾಗುವ ಪ್ರಸಂಗಗಳು ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಿಂದ ವರದಿಯಾಗಿವೆ.

ಹೀಗಿರುವಾಗ ಲಾಲಾರಸದ ಲಸಿಕೆಯು ಸಾಧ್ಯವೇ ಇಲ್ಲವೆಂದು ಹೇಳುವುದು ದುಡುಕು. ಅದು ಸನ್ನಿಹಿತವಾಗಿದೆಯೆಂದು ಹೇಳುವುದು ಇನ್ನೂ ದೊಡ್ಡ ದುಡುಕು.

೫

ಈಗ ನಮ್ಮ ನಾಡಿಗೆ ಬರೋಣ. ೧೯೫೭ರ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಮುಸುವಗಳೂ ಮಂಗಗಳೂ ಸಾಯುತ್ತಿದ್ದು, ಹತ್ತಿರದ ಹಳ್ಳಿಗಳ ಜನರಿಗೂ ತೀವ್ರವಾದ ಜ್ವರ ಬರುತ್ತಿದ್ದುದು ಬೆಳಕಿಗೆ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಬಂದರು. ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಮೊದಲು ಇದ್ದಿತು; ಪರೀಕ್ಷಿಸಲಾಗಿ ಇದು ಉಣ್ಣೆಯಿಂದ ಹರಡುವ ಹೊಸ ವೈರಸ್ಸೆಂದು ಗೊತ್ತಾಯಿತು. ಹೆಮಫೈಸಾಲಿಸ್ ಸ್ಪಿನಿಜೆರ ಎಂಬ ಉಣ್ಣೆಯು ಇದರ ಮುಖ್ಯ ವಾಹಕ. ಅದರ ಮರಿ ಹಂತಗಳು ಕಾಡಿನ ಇಲಿ, ಮೂಗಿಲಿ, ಹಕ್ಕಿ, ಮಂಗಗಳ ಮೇಲೆ ಬದುಕುತ್ತವೆ. ಬೆಳೆದ ಉಣ್ಣೆಗಳು ದನ ಮೊದಲಾದ ದೊಡ್ಡ ಪ್ರಾಣಿಗಳನ್ನು ಆಶ್ರಯಿಸುತ್ತವೆ. ಮನುಷ್ಯನಿಗೆ ಕಾಯಿಲೆ ಬರುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ವರೆಗೆ, ಸೌದೆ ದರಗಿಗೆ ಜನ ಕಾಡು ಹೊಗುವ ಕಾಲದಲ್ಲಿ. ರೋಗಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ೨೦೧೨ರಿಂದೀಚೆಗೆ ಬಂಡೀಪುರ, ವಯನಾಡು, ಗೋವೆ, ಸಿಂಧುದುರ್ಗಗಳಲ್ಲಿಯೂ ಕಾಯಿಲೆ ಕಾಣಿಸಿಕೊಂಡಿತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಉಗ್ರವಾಗಿ ಹಬ್ಬಿತು.

ಲಸಿಕೆಯ ಕಥೆಯಲ್ಲಿ ಮೊದಲನೆಯ ಅಧ್ಯಾಯವೇ ಬೋಧಪ್ರದವಾಗಿದೆ. ಹೊಸ ವೈರಸ್ಸು ರಷ್ಯದ ಉಣ್ಣೆ-ವೈರಸ್ಸಿಗೆ ಪ್ರಯೋಗನಳಿಕೆಯಲ್ಲಿ ನೆಂಟತನ ತೋರಿದುದರಿಂದ, ಆ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಶಿವಮೊಗ್ಗ ಜಿಲ್ಲೆಯ ಜನರಿಗೆ ಕೊಟ್ಟು ನೋಡಲಾಯಿತು. ೧೯೬೨ರಲ್ಲಿ ಪ್ರಕಟವಾದ ವರದಿಗಳ ಪ್ರಕಾರ ಅದು ರಕ್ಷಣೆ ಕೊಡಲಿಲ್ಲ. ನಳಿಕೆಯ ನೆಂಟತನವು ಕಾಡಿನ ರಕ್ಷಣೆಯಾಗಲಿಲ್ಲ. ಅನಂತರ ಮಂಗನ ಕಾಯಿಲೆಯ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ತಯಾರಿಸಿದ ಲಸಿಕೆಯು ೧೯೬೦ರ ದಶಕದಲ್ಲಿ ರೂಪುಗೊಂಡಿತು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಮೇಲೆ ಒಂದು ಸಲ, ಅನಂತರ ವರುಷಕ್ಕೊಂದು ಸಲ ಇದನ್ನು ಹಾಕಿಸಿಕೊಳ್ಳಬೇಕಾಗಿತ್ತು. ಚುಚ್ಚಿದ ಕಡೆ ನೋವು ಹೆಚ್ಚಾಗುತ್ತಿದ್ದುದರಿಂದ ಒಮ್ಮೆ ಹಾಕಿಸಿಕೊಂಡವರು ಮತ್ತೆ ಬರಲು ಹಿಂಜರಿಯುತ್ತಿದ್ದರು.

ಈ ಲಸಿಕೆಯ ಬಗ್ಗೆ ಎರಡು ಕ್ಷೇತ್ರಾಧ್ಯಯನಗಳ ಅಂಕಿಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ೧೯೯೪ರಲ್ಲಿ ದಾಂಡವತೆ ಮತ್ತು ಸಂಗಡಿಗರು ಮೂರು ಜಿಲ್ಲೆಗಳ ಅನುಭವದಿಂದ, ಒಂದು ಸಲ ಲಸಿಕೆ ಪಡೆದವರಲ್ಲಿ ಶೇಕಡ ೭೯.೩, ಎರಡು ಸಲ ಪಡೆದವರಲ್ಲಿ ಶೇಕಡ ೯೩.೫ ರಕ್ಷಣೆಯಿದ್ದಿತೆಂದು ವರದಿ ಮಾಡಿದರು. ೨೦೦೫ರಿಂದ ೨೦೧೦ರ ವರೆಗಿನ ದಾಖಲೆಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಕಾಸಬಿ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಲ್ಲಿ ಒಂದೇ ಸಲದ ಲಸಿಕೆಯಿಂದ ಫಲವಿರಲಿಲ್ಲ. ಎರಡು ಸಲ ಪಡೆದವರಲ್ಲಿ ರಕ್ಷಣೆ ಶೇಕಡ ೬೨.೪, ಮತ್ತೊಂದು ಸಲವೂ ಪಡೆದವರಲ್ಲಿ ಶೇಕಡ ೮೨.೯.

ಈ ಇಳಿತಕ್ಕೆ ಕಾರಣವೇನು? ಮೇಲೆ ವಿವರಿಸಿದ ಇಲಿಗಳ ಪ್ರಯೋಗವನ್ನು ಓದಿದವರಿಗೆ ಲಾಲಾರಸವೇ ಕಾರಣವೆಂದು ಹೇಳಿಬಿಡುವ ಆಸೆಯಾಗಬಹುದು. ಹಾಗೆ ಹೇಳಲು ಆಧಾರವಿಲ್ಲ. ಎರಡೂ ಅಧ್ಯಯನಗಳು ಕಡಿತಕ್ಕೊಳಗಾದ ಜನರನ್ನೇ ಕುರಿತವು. ಉಣ್ಣೆಯ ರಸವು ೧೯೯೦ರಲ್ಲಿದ್ದಂತೆಯೇ ೨೦೦೫ರಲ್ಲಿಯೂ ಇದ್ದಿತು. ಲಸಿಕೆಯ ತಂಡಗಳ ಶಕ್ತಿಯಲ್ಲಿ ವ್ಯತ್ಯಾಸ, ತಂಪಿನಲ್ಲಿಟ್ಟು ಸಾಗಿಸುವುದರಲ್ಲಿ ಲೋಪ, ಅಧ್ಯಯನದ ವಿಧಾನ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಆದರೆ ಇವೆಲ್ಲಕ್ಕಿಂತ ಮೂಲಭೂತವಾದ ಒಂದು ತೊಡಕನ್ನು ಎರಡು ಅಧ್ಯಯನಗಳೂ ಬಿಡಿಸಲಾರವಾದುವು. ಲಸಿಕೆ ಪಡೆದವರೂ ಪಡೆಯದವರೂ ಸಮಾನವಾಗಿ ಕಡಿತಕ್ಕೆ ಒಳಗಾಗ ತಕ್ಕವರೇ? ದಿನವೂ ಕಾಡಿಗೆ ಹೋಗುವ ಕೂಲಿಗಾರನು ಹೆದರಿ ಲಸಿಕೆಗೆ ಮುಂದೆ ಬಂದು, ಮನೆಯಲ್ಲಿರುವವನು ಬಾರದಿದ್ದರೆ ಲಸಿಕೆಯ ಗುಣವು ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅದಕ್ಕೆ ಬದಲಾಗಿ ಕೂಲಿ ತಪ್ಪುವುದೆಂದು ಅವನೇ ಬಾರದೆ, ಆಸ್ಪತ್ರೆಯ ಹತ್ತಿರದಲ್ಲಿರುವವರು ಹಾಕಿಸಿಕೊಂಡರೆ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಯಾರಿಗೆ ಎಷ್ಟು ಉಣ್ಣೆ ಕಡಿದಿದೆಯೆಂಬ ಲೆಕ್ಕವಿಲ್ಲದೆ ಈ ಎರಡರಲ್ಲಿ ಯಾವುದು ನಿಜವೆಂದು ಗೊತ್ತುಪಡಿಸುವುದು ಅಸಾಧ್ಯ.

ಇದೇ ತೊಡಕು ಲಾಲಾರಸದ ಪ್ರಶ್ನೆಯನ್ನೂ ಮುಸುಕುತ್ತದೆ. ಕಡಿತದಿಂದಲೇ ಪ್ರತಿರಕ್ಷೆ ಹುಟ್ಟುವುದಾದರೆ ಹೆಚ್ಚು ಕಡಿಸಿಕೊಂಡ ಮಲೆನಾಡಿಗನಿಗೆ ಕಾಯಿಲೆ ಕಡಿಮೆಯಾಗಬೇಕಲ್ಲವೇ ಎಂದು ಕೇಳಬಹುದು. ಆದರೆ ಹೆಚ್ಚು ಕಡಿತಗಳೆಂದರೆ ಸೋಂಕಿದ ಉಣ್ಣೆ ಕಡಿಯುವ ಸಂಭವವೂ ಹೆಚ್ಚು. ರಕ್ಷಣೆಯೂ ಅಪಾಯವೂ ಒಂದೇ ಬಾಯಿಂದ ಬರುತ್ತಿರುವಾಗ ರೋಗಿಗಳ ಎಣಿಕೆಯೊಂದರಿಂದಲೇ ಅವನ್ನು ಬೇರ್ಪಡಿಸಲಾಗದು.

೬

ದನಗಳ ವಿಷಯದಲ್ಲಿ ಶಾಸ್ತ್ರವು ಇನ್ನಷ್ಟು ಮುಂದೆ ಹೋಗಿದೆ. ಆಸ್ಟ್ರೇಲಿಯದ ವಿಲಡ್‌ಸನ್ ಮತ್ತು ಸಂಗಡಿಗರು ೧೯೮೯ರಲ್ಲಿ ವರ್ಣಿಸಿದ ಬಿ.ಎಂ.-೮೬ ಎಂಬ ಪ್ರೋಟೀನು ದನದ ಉಣ್ಣೆಯ ಕರುಳಿನಲ್ಲಿರುವುದು. ಅದರಿಂದ ಮಾಡಿದ ಲಸಿಕೆಗಳು ೧೯೯೦ರ ದಶಕದಲ್ಲಿ ಆಸ್ಟ್ರೇಲಿಯ ಮತ್ತು ಕ್ಯೂಬಗಳಲ್ಲಿ ಬಳಕೆಗೆ ಬಂದವು. ಲಸಿಕೆ ಪಡೆದ ದನದ ರಕ್ತವನ್ನು ಹೀರಿದ ಉಣ್ಣೆಯ ಕರುಳನ್ನು ಆ ರಕ್ತದಲ್ಲಿಯ ಪ್ರತಿಕಾಯಗಳೇ ಹಾಳುಮಾಡುತ್ತವೆ. ಒಂದೆರಡು ತಲೆಮಾರುಗಳಲ್ಲಿ ಉಣ್ಣೆಗಳ ಸಂಖ್ಯೆ ತಗ್ಗುತ್ತದೆ. ಆದರೆ ಕರುಳಿನ ಪ್ರೋಟೀನು ಕಡಿತದಲ್ಲಿ ದನದ ಮೈಗೆ ಇಳಿಯುವುದಿಲ್ಲವಾದುದರಿಂದ ಕಡಿತಗಳು ಈ ಪ್ರತಿರಕ್ಷೆಯನ್ನು ನವೀಕರಿಸಲಾರವು. ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ. ಲಾಲಾರಸದ ಪ್ರೋಟೀನಿಗೆ ಈ ದೋಷವಿಲ್ಲವೆಂಬುದು ಅದರ ಪಕ್ಷದವರ ಒಳ್ಳೆಯ ವಾದ.

ಮಿಶ್ರತಳಿಯ ಹಸುಗಳಿಗೆ ಮಾರಕವಾದ ಥೈಲೇರಿಯ ರೋಗವಂತೂ ಉಣ್ಣೆಯ ಲಾಲಾರಸದೊಡನೆ ಇಳಿಯುವ ನಿಜವಾದ ಪರೋಪಜೀವಿಯಿಂದ ಬರುವುದು. ಅದರ ವಿರುದ್ಧ ಶಕ್ತಿಗುಂದಿಸಿದ ಜೀವಂತ ಪರೋಪಜೀವಿಯ ಲಸಿಕೆ ಭಾರತದಲ್ಲಿಯೇ ತಯಾರಾಗಿದೆ. ಆದರೆ ಅದನ್ನು ದ್ರವರೂಪದ ನೈಟ್ರೊಜನ್ನಿನಲ್ಲಿಟ್ಟು ಸಾಗಿಸಬೇಕಾದುದರಿಂದ ಹಳ್ಳಿಯ ಕೊಟ್ಟಿಗೆಗೆ ಮುಟ್ಟಿಸುವುದು ಸುಲಭವಲ್ಲ.

ದನಗಳ ಮಾತು ಇಲ್ಲಿ ಅಪ್ರಸ್ತುತವಲ್ಲ. ಕಾಡು ಕಡಿದು ಜಮೀನು ಮಾಡಿದಂತೆ, ಕಾಡಿನಂಚಿನಲ್ಲಿ ಮೇಯುವ ದನಗಳು ಹೆಚ್ಚಿದಂತೆ ಉಣ್ಣೆಗಳೂ ಹೆಚ್ಚಿದುವೆಂದು ಹಾರ್ಹೆ ಬೊಷೆಲ್ ೧೯೬೯ರಲ್ಲಿಯೇ ತರ್ಕಿಸಿದನು. ೧೯೮೨-೮೩ರಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಸಂದರ್ಭದಲ್ಲಿ ಹಬ್ಬಿದ ಮಂಗನ ಕಾಯಿಲೆಯನ್ನು ಮಾನವಶಾಸ್ತ್ರಜ್ಞನಾದ ಮಾರ್ಕ್ ನಿಕ್ಟರ್ ೧೯೮೭ರಲ್ಲಿ 'ಅಭಿವೃದ್ಧಿಯ ಕಾಯಿಲೆ'ಯೆಂದೇ ವಿವರಿಸಿದನು. ದನಗಳಿಗೆ ಉಣ್ಣೆಯ ಲಸಿಕೆ ಹಾಕಿ ಮನುಷ್ಯನನ್ನು ರಕ್ಷಿಸಬಹುದೆಂಬ ಸಲಹೆ ಇದರಿಂದ ಹೊರಡುತ್ತದೆ. ಸಲಹೆ ಯೋಗ್ಯವಾದುದು, ಆದರೆ ಬೆಳೆದ ಉಣ್ಣೆಗೆ ಕಾಡಿನ ದೊಡ್ಡ ಪ್ರಾಣಿಗಳ ಆಶ್ರಯವೂ ಮರಿಗಳಿಗೆ ಇಲಿ ಹಕ್ಕಿಗಳ ಆಶ್ರಯವೂ ಇರುವವರೆಗೆ ಅದೊಂದೇ ಸಾಲದು.

ಹುಬ್ಬಳ್ಳಿ-ಧಾರವಾಡಗಳ ನಡುವೆ ನವನಗರದಲ್ಲಿ ಕುಳಿತು ಓದುವವರಿಗೆ ಇವು ದೂರದ ಸಂಗತಿಗಳೆನಿಸಬಾರದು. ೧೯೪೬ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಇದೇ ಧಾರವಾಡ ಜಿಲ್ಲೆಯ ಮತ್ತು ಉತ್ತರ ಕನ್ನಡದ ಹಳ್ಳಿಗಳ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಅಡಗಿಸಿದ ಪ್ರಯತ್ನವು ದೇಶದಲ್ಲಿ ಆ ಬಗೆಯ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು. ೧೯೫೩ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅಂಥ ಅನುಭವವೇ ಬುನಾದಿಯಾಯಿತು. ಮಲೇರಿಯ ಮುಗಿದೇಹೋಯಿತೆಂದು ನಂಬಿದ ದೇಶದಲ್ಲಿ ೧೯೭೬ರಲ್ಲಿ ೬೪ ಲಕ್ಷ ರೋಗಿಗಳು ದಾಖಲಾದರು. ಒಂದೇ ಅಸ್ತ್ರವನ್ನು ನೆಚ್ಚಿ ಅಳತೆಯನ್ನು ಸಡಿಲಿಸಿದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ.

೭

ಹಾಗಾದರೆ ಲಾಲಾರಸದ ಸಂಶೋಧನೆಯಿಂದ ನಮಗೆ ತಕ್ಷಣದ ಪ್ರಯೋಜನವಿಲ್ಲವೇ? ಇದೆಯೆಂದು ನಾವು ಭಾವಿಸುತ್ತೇವೆ. ಅದು ಲಸಿಕೆಯ ರೂಪದಲ್ಲಲ್ಲ, ಅಳತೆಯ ರೂಪದಲ್ಲಿ. ಕಡಿತದಿಂದ ಪ್ರತಿಕಾಯಗಳು ಹುಟ್ಟುವುದಾದರೆ ಆ ಪ್ರತಿಕಾಯಗಳನ್ನು ಅಳೆದು ಕಡಿತಗಳ ಅಂದಾಜು ಪಡೆಯಬಹುದು. ಆಫ್ರಿಕದ ಮಲೇರಿಯ ಸೊಳ್ಳೆಯ ಲಾಲಾರಸದ ಒಂದು ಸಣ್ಣ ತುಣುಕಿನ ವಿರುದ್ಧ ಜನರ ರಕ್ತದಲ್ಲಿರುವ ಪ್ರತಿಕಾಯವನ್ನು ಅಳೆದು, ಯಾರು ಎಷ್ಟು ಕಡಿತಕ್ಕೊಳಗಾದರೆಂದು ಅಂದಾಜು ಮಾಡುವ ಕ್ರಮವು ೨೦೦೮ರಿಂದೀಚೆಗೆ ಬಳಕೆಗೆ ಬಂದಿದೆ. ಹೆಮಫೈಸಾಲಿಸ್ ಸ್ಪಿನಿಜೆರದ ಲಾಲಾರಸಕ್ಕೂ ಇಂಥದೊಂದು ಅಳತೆಯನ್ನು ಸಿದ್ಧಪಡಿಸಿ, ಹೊಸ ಲಸಿಕೆಯ ಕ್ಷೇತ್ರಪರೀಕ್ಷೆಗೆ ಸೇರಿದವರ ರಕ್ತದಲ್ಲಿ ಅದನ್ನು ನೋಡಿದರೆ, ಸಮಾನವಾಗಿ ಕಡಿಸಿಕೊಂಡವರನ್ನು ಸಮಾನರೊಡನೆ ಹೋಲಿಸುವುದು ಮೊದಲ ಸಲ ಸಾಧ್ಯವಾಗುತ್ತದೆ. ಈ ಅಳತೆಗೂ ಮಿತಿಯುಂಟು: ಪ್ರತಿಕ್ರಿಯೆಯು ಕಾಲಕ್ರಮದಲ್ಲಿ ಬದಲಾಗುವುದೆಂದು ನಾವೇ ಮೇಲೆ ಹೇಳಿದ್ದೇವೆ. ಆದರೂ ಏನೂ ಅಳೆಯದಿರುವುದಕ್ಕಿಂತ ಮಿತಿಯನ್ನರಿತು ಅಳೆಯುವುದು ಮೇಲು.

ಹೊಸ ಲಸಿಕೆಯ ಬಗ್ಗೆ ನಮ್ಮ ಅಪೇಕ್ಷೆಗಳು ಮೂರು. ಪ್ರಯೋಗಶಾಲೆಯ ಹಂತದಲ್ಲಿ ಅದನ್ನು ಸೂಜಿಯ ಜೊತೆಗೆ ಸೋಂಕಿದ ಉಣ್ಣೆಯ ಕಡಿತದಿಂದಲೂ ಪರೀಕ್ಷಿಸಬೇಕು. ಜನರಲ್ಲಿ ಅದರ ಗುಣವನ್ನು ರಕ್ತದಲ್ಲಿ ಹುಟ್ಟಿದ ಪ್ರತಿಕಾಯದಿಂದ ಮಾತ್ರ ಗೊತ್ತುಪಡಿಸದೆ, ಕಾಡಿನಂಚಿನಲ್ಲಿ ಕೆಲವು ಋತುಗಳ ಕಾಲ ಕಾಯಿಲೆ ಬಂದವರ ಮತ್ತು ಬಾರದವರ ಲೆಕ್ಕದಿಂದ ಗೊತ್ತುಪಡಿಸಬೇಕು. ಬಂದ ಅಂಕಿ ಶೇಕಡ ೯೦ ಇರಲಿ, ೬೦ ಇರಲಿ, ಅದನ್ನು ಮರೆಮಾಡದೆ ಆ ಹಳ್ಳಿಗಳ ಜನರಿಗೆ ಕನ್ನಡದಲ್ಲಿ ತಿಳಿಸಬೇಕು. ಶೇಕಡ ೬೦ರ ಲಸಿಕೆ ಹಾಕಿಸಿಕೊಂಡವನು ಮೈಗೆ ಉಣ್ಣೆನಿರೋಧಕ ತೈಲ ಹಚ್ಚುವುದನ್ನು ಬಿಟ್ಟರೆ ಲಸಿಕೆಯು ಅವನಿಗೆ ಅಪಕಾರವನ್ನೇ ಮಾಡಿದಂತಾಗುತ್ತದೆ.

ಪ್ರಾಣಿಶಾಸ್ತ್ರ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ಉತ್ತರ ಕನ್ನಡದ ಕಾಡುಗಳು ನಮ್ಮಿಂದ ಕೆಲವೇ ತಾಸುಗಳ ದಾರಿ. ಸೋಂಕಿನ ಸೀಮೆಯಲ್ಲಿ ಉಣ್ಣೆ ಹಿಡಿಯುವುದು ವಿದ್ಯಾರ್ಥಿಗಳು ತಾವಾಗಿಯೇ ಕೈಗೊಳ್ಳಬಹುದಾದ ಕಾರ್ಯವಲ್ಲ. ಅದಕ್ಕೆ ತರಬೇತಿಯೂ ರಕ್ಷಣೆಯೂ ಬೇಕು. ಆದರೆ ಕಾಯಿಲೆಯಿಲ್ಲದ ಬಯಲುಸೀಮೆಯ ದನಗಳ ಉಣ್ಣೆಗಳಲ್ಲಿ ಜಾತಿಗಳನ್ನು ಗುರುತಿಸುವುದು, ದೇಶಿ ತಳಿಗಳಿಗೂ ಮಿಶ್ರತಳಿಗಳಿಗೂ ಅಂಟಿಕೊಳ್ಳುವ ಉಣ್ಣೆಗಳ ಸಂಖ್ಯೆಯನ್ನು ಋತುಋತುವಿಗೆ ಎಣಿಸುವುದು ಯಾವ ಕಾಲೇಜಿಗಾದರೂ ಸಾಧ್ಯವಾದ ಅಧ್ಯಯನ. ಹೊರದೇಶದ ಪ್ರಯೋಗಗಳ ಫಲವನ್ನು ಪಾಠ ಹೇಳುವ ನಾವು, ವಾಹಕವೆಂದರೆ ಬಂಡಿಯಲ್ಲ ಎಂಬ ಒಂದು ತಿದ್ದುಪಾಟಿನಿಂದ ನಮ್ಮ ತರಗತಿಗಳಲ್ಲಿ ಆರಂಭಿಸಬಹುದು.